ಮೊಮ್ಮಗಳ ಹೆಸರಿನ ಹಾಳೆ

ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬಳನ್ನು ಮಾತ್ರ ತೂಗುತ್ತಿದ್ದರು.

ಸೊಸೆ ಮಂಚದ ಕೆಳಗಿನಿಂದ ತೂಕದ ಯಂತ್ರವನ್ನು ಕಾಲಲ್ಲೇ ತಳ್ಳಿಕೊಂಡು ಬಂದು ಕಿಟಕಿಯ ಹತ್ತಿರ, ಬೆಳಕು ಬೀಳುವ ಕಡೆ ನಿಲ್ಲಿಸುತ್ತಿದ್ದಳು. ಮೊಮ್ಮಗಳು ಚಪ್ಪಲಿ ಬಿಟ್ಟು, ಗಡಿಯಾರ ಬಿಚ್ಚಿ, ತಲೆಯ ಕ್ಲಿಪ್ಪನ್ನೂ ತೆಗೆದಿಟ್ಟು ಅದರ ಮೇಲೆ ಹತ್ತಬೇಕು. ಸೊಸೆ ಬಗ್ಗಿ ಮುಳ್ಳು ನೋಡಿ ಪಕ್ಕದ ಮನೆಗೂ ಕೇಳಿಸುವಂತೆ ಅಂಕಿ ಕೂಗುತ್ತಿದ್ದಳು.

“ತೊಂಬತ್ತೊಂದು. ಹೋದ ವಾರಕ್ಕಿಂತ ಅರ್ಧ ಕೆಜಿ ಜಾಸ್ತಿ.”

“ಗಾಳಿ ಕುಡಿದ್ರೂ ಊದ್ಕೋತಾಳೆ ಇವಳು,” ಎಂದು ನನ್ನ ಮಗ ಪೇಪರಿನ ಹಿಂದಿನಿಂದಲೇ ಹೇಳುತ್ತಿದ್ದ.

ಅದೇ ಹೊತ್ತಿಗೆ ಮೇಜಿನ ಮುಂದೆ ಅವಳ ಅಣ್ಣ ಹನ್ನೊಂದನೆಯ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿರುತ್ತಿದ್ದ. ಅವನನ್ನು ಯಾರೂ ತೂಗುತ್ತಿರಲಿಲ್ಲ. ಒಂದು ಸಲ ತಮಾಷೆಗೆ ಹತ್ತಿದ್ದ. ಮುಳ್ಳು ಕೊನೆಯ ಗೆರೆ ದಾಟಿ ಮೂಲೆಗೆ ಹೋಗಿ ನಿಂತಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. “ಇವನನ್ನ ತೂಗೋಕೆ ಲಾರಿ ತೂಗೋ ಕಡೆ ಹೋಗ್ಬೇಕು,” ಎಂದು ಅವನ ಅಪ್ಪ ಬೆನ್ನು ತಟ್ಟಿದ. ಅಲ್ಲಿಗೆ ಅವನ ತೂಕದ ಮಾತು ಮುಗಿಯಿತು.

ಅಣ್ಣನಿಗೆ ಇಪ್ಪತ್ತಾರು, ತಂಗಿಗೆ ಇಪ್ಪತ್ತಮೂರು. ಇಬ್ಬರದೂ ಒಂದೇ ಮೈಕಟ್ಟು, ನಮ್ಮ ಕಡೆಯದು: ಅಗಲ ಭುಜ, ದಪ್ಪ ಮಣಿಕಟ್ಟು, ಗುಂಡು ಮುಖ. ಆದರೆ ಬೀದಿಯವರು ಅವನನ್ನು ಪೈಲ್ವಾನ ಎಂದರು, ಇವಳನ್ನು ಡ್ರಮ್ಮು ಎಂದರು. ಎರಡು ಹೆಸರನ್ನೂ ಇಟ್ಟದ್ದು ಅದೇ ಬಾಯಿಗಳು.

ಪೈಲ್ವಾನ ಗ್ಯಾಸ್ ಸಿಲಿಂಡರ್ ಲಾರಿ ಓಡಿಸುತ್ತಾನೆ, ಮನೆಮನೆಗೆ ಹೊತ್ತು ಇಳಿಸುತ್ತಾನೆ. ಬೆಳಗಿನ ಜಾವ ಹೋದವನು ಮಧ್ಯಾಹ್ನ ಮೂರೂವರೆಗೆ ಮನೆಗೆ ಬರುತ್ತಾನೆ. ತಂಗಿ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗಾಜು ಉಜ್ಜಿ, ಅಂಚು ತೀಡಿ, ಫ್ರೇಮಿಗೆ ಕೂರಿಸುತ್ತಾಳೆ. ಕೂದಲೆಳೆಯಷ್ಟು ಹೆಚ್ಚು ತೀಡಿದರೂ ಗಾಜು ಹಾಳು. ನನ್ನ ಮಗ ಬಸ್ ಡಿಪೋದಲ್ಲಿ ಟೈರಿನ ಕೆಲಸದವನು. ಸೊಸೆ ಉಡುಪಿನ ಫ್ಯಾಕ್ಟರಿಯಲ್ಲಿ ಸ್ಟೋರ್ ಕ್ಲರ್ಕು. ಗುಂಡಿ, ದಾರ, ಜಿಪ್ಪು ಎಲ್ಲ ಅವಳ ಕೈಯಿಂದಲೇ ಹೋಗಬೇಕು, ಅವಳ ಪುಸ್ತಕದಲ್ಲೇ ಇಳಿಯಬೇಕು. ಹದಿನೆಂಟು ವರ್ಷದಲ್ಲಿ ಒಂದು ಗುಂಡಿಯ ಲೆಕ್ಕ ತಪ್ಪಿಲ್ಲ ಎನ್ನುವುದು ಅವಳ ಹೆಮ್ಮೆ. ನಾನು ಮನೆಯಲ್ಲಿರುತ್ತೇನೆ. ಬಟ್ಟೆ ಒಗೆಯುತ್ತೇನೆ, ಬೇಳೆ ಆರಿಸುತ್ತೇನೆ, ಸಂಜೆಯ ಹಿಟ್ಟು ನಾದಿಡುತ್ತೇನೆ.

ಮೊಮ್ಮಗಳ ತೂಕ ಇಳಿಯುವುದಿಲ್ಲವೆಂದು ಸೊಸೆ ಅವಳನ್ನು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ನರ್ಸು ಒಂದಿಷ್ಟು ಹಾಳೆ ಕೊಟ್ಟು ಎರಡು ವಾರ ಬರೆಯಲು ಹೇಳಿದಳು. ಏನು ತಿಂದೆ, ಎಷ್ಟು ತಿಂದೆ, ಎಷ್ಟು ಹೊತ್ತಿಗೆ ತಿಂದೆ, ಜೊತೆಯಲ್ಲಿ ಯಾರಿದ್ದರು. ಮೊಮ್ಮಗಳು ಮೂರು ದಿನ ಬರೆದಳು. ನಾಲ್ಕನೆಯ ದಿನ ಸೊಸೆ ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಯ ಬೀರು ತೆರೆದಳು.

“ಮಂಗಳವಾರ ಬೆಳಿಗ್ಗೆ ಇಲ್ಲಿ ಎರಡು ಪೌಂಡು ಬ್ರೆಡ್ಡಿತ್ತು, ಹನ್ನೆರಡು ಮೊಟ್ಟೆ ಇತ್ತು, ಬಿಸ್ಕತ್ತಿನ ಡಬ್ಬ ತುಂಬಿತ್ತು. ಈಗ ಅರ್ಧ ಪೌಂಡಿದೆ, ಮೂರು ಮೊಟ್ಟೆ ಇದೆ, ಡಬ್ಬದಲ್ಲಿ ಪುಡಿ ಇದೆ. ಉಳಿದಿದ್ದು ಎಲ್ಲಿ ಹೋಯ್ತು?”

“ನಂಗೇನು ಗೊತ್ತು? ನಾನು ತಿಂದಿದ್ದು ಬರ್ದಿದೀನಿ.”

“ಎರಡು ಬ್ರೆಡ್ಡು, ಒಂದು ಮೊಟ್ಟೆ. ಇಷ್ಟು ತಿನ್ನೋಳಿಗೆ ಈ ಮೈ ಎಲ್ಲಿಂದ ಬರತ್ತೆ?”

“ಅಜ್ಜಿಯಿಂದ ಬಂತು. ಹೋಗಿ ಕೇಳು.”

“ತಮಾಷೆ ಬೇಡ. ಸ್ಟೋರಲ್ಲಿ ಸರಕು ಕಮ್ಮಿ ಬಂದ್ರೆ ಆವಿಯಾಗ್ಹೋಯ್ತು ಅಂತ ಬರೆಯಲ್ಲ. ಯಾರ ಹತ್ರ ಹೋಯ್ತು ಅಂತ ಹೆಸರು ಹಾಕ್ತೀವಿ.”

“ಹಾಕು. ಮನೇಲಿ ಐದು ಜನ ಇದೀವಲ್ಲ.”

“ಅಪ್ಪ ನನ್ನ ಕಣ್ಣ ಮುಂದೆ ತಟ್ಟೇಲಿ ತಿಂತಾರೆ. ಅಜ್ಜಿಗೆ ಹಲ್ಲಿಲ್ಲ. ನಾನು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀನಿ. ನನ್ನ ಹಿಂದೆ ಮನೆ ಬಿಡೋಳು ನೀನು.”

“ಅಣ್ಣ?”

“ಅವನು ತಿಂದ್ರೆ ಎದುರಿಗೇ ತಿಂತಾನೆ. ಕದ್ದು ತಿನ್ನೋ ಗ್ರಹಚಾರ ಅವನಿಗೇನು ಬಂದಿದೆ? ಅವನನ್ನ ಯಾರಾದ್ರೂ ಬೇಡ ಅಂತಾರಾ?”

ಪೈಲ್ವಾನ ಮೇಜಿನ ಹತ್ತಿರ ಕೂತು ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

ಅವತ್ತಿನಿಂದ ಹಾಳೆಯನ್ನು ಸೊಸೆಯೇ ಬರೆದಳು, ಸ್ಟೋರಿನ ರೀತಿಯಲ್ಲಿ. ಬೆಳಿಗ್ಗೆ ಬೀರುವಿನಲ್ಲಿ ಇದ್ದದ್ದು ಇಷ್ಟು, ಸಂಜೆ ಉಳಿದದ್ದು ಇಷ್ಟು, ಎಲ್ಲರೂ ತಟ್ಟೆಯಲ್ಲಿ ತಿಂದದ್ದನ್ನು ಕಳೆದರೆ ಕಾಣೆಯಾದದ್ದು ಇಷ್ಟು. ಕಾಣೆಯಾದದ್ದನ್ನೆಲ್ಲ ಮಗಳು ತಿಂದದ್ದೆಂದು ಬರೆದಳು. ಹಾಳೆಯ ನೆತ್ತಿಯ ಮೇಲೆ ಮಗಳ ಹೆಸರು.

ಕಾಣೆಯಾದದ್ದು ಎಲ್ಲಿ ಹೋಗುತ್ತಿತ್ತೆಂದು ನನಗೆ ಗೊತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಪೈಲ್ವಾನನ ಪ್ಯಾಂಟು ಒಗೆಯುವವಳು ನಾನು. ಜೇಬಿನಲ್ಲಿ ಬಿಸ್ಕತ್ತಿನ ಕಾಗದ, ಬ್ರೆಡ್ಡಿನ ಕವರು ಸಣ್ಣಗೆ ಮಡಿಸಿ, ಮೊಟ್ಟೆಯ ಚಿಪ್ಪು ಪುಡಿಮಾಡಿ ತುರುಕಿರುತ್ತಿದ್ದ. ಮೂರೂವರೆಗೆ ಅವನು ಬಂದ ಮೇಲೆ ಅಡುಗೆಮನೆಯ ನಲ್ಲಿ ಜೋರಾಗಿ ಸುರಿಯುತ್ತಿತ್ತು, ಕಾಲು ಗಂಟೆ. ನಾನು ಹಿತ್ತಿಲ ಮೆಟ್ಟಿಲ ಮೇಲೆ ಬೇಳೆ ಆರಿಸುತ್ತ ಕೂತಿರುತ್ತಿದ್ದೆ. ಭಾರ ಹೊತ್ತು ಬಂದ ಹುಡುಗ, ಹಸಿದಿರುತ್ತಾನೆ ಎಂದುಕೊಳ್ಳುತ್ತಿದ್ದೆ. ಮೊಮ್ಮಗಳು ಬಿಸ್ಕತ್ತಿನ ಡಬ್ಬ ಮುಟ್ಟಿದರೆ ನಾನೂ “ಸಾಕು ಬಿಡೇ” ಎಂದವಳೇ. ಅವನ ಜೇಬಿನ ಕಾಗದಗಳನ್ನು ಮಾತ್ರ ಯಾರಿಗೂ ಕಾಣದ ಹಾಗೆ ಒಲೆಗೆ ಹಾಕುತ್ತಿದ್ದೆ.

ಎರಡು ವಾರ ತುಂಬಿದ ಮೇಲೆ ಡಾಕ್ಟರ ಹತ್ತಿರ ಹೋಗುವಾಗ ನನ್ನ ಮಂಡಿಯನ್ನೂ ತೋರಿಸುವುದಿತ್ತು, ಹಾಗಾಗಿ ನಾನೂ ಹೋದೆ. ಡಾಕ್ಟರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅವರ ಮುಖ ಬಿಗಿಯಿತು.

“ಒಂದೇ ಸಲಕ್ಕೆ ಒಂದು ಪೌಂಡು ಬ್ರೆಡ್ಡು, ಎಂಟು ಮೊಟ್ಟೆ. ವಾರಕ್ಕೆ ನಾಲ್ಕು ಸಲ. ಒಬ್ಬಳೇ ಇದ್ದಾಗ.” ಕನ್ನಡಕ ತೆಗೆದು ಸೊಸೆಯ ಕಡೆ ನೋಡಿದರು. “ಇದು ಬರೀ ಬಾಯಿಚಪಲ ಅಲ್ಲಮ್ಮ. ಕಾಯಿಲೆ. ಹೀಗೇ ಬಿಟ್ರೆ ಹೃದಯಕ್ಕೆ ಹೋಗತ್ತೆ.”

“ನಾನು ಅದನ್ನ ತಿಂದಿಲ್ಲ,” ಎಂದಳು ಮೊಮ್ಮಗಳು.

“ಒಪ್ಪಿಕೊಳ್ಳದೇ ಇರೋದು ಈ ಕಾಯಿಲೆಯ ಮೊದಲನೇ ಲಕ್ಷಣ.”

“ತಿಂದಿದ್ರೂ ಕಾಯಿಲೆ, ತಿಂದಿಲ್ಲ ಅಂದ್ರೂ ಕಾಯಿಲೆ. ಮತ್ತೆ ನಾನು ಏನು ಹೇಳ್ಬೇಕು?”

“ನೋಡಿದ್ರಾ ಡಾಕ್ಟ್ರೇ, ಮನೇಲೂ ಹಿಂಗೇ,” ಎಂದಳು ಸೊಸೆ.

ಡಾಕ್ಟರು ಬರೆದುಕೊಟ್ಟದ್ದು ಇಷ್ಟು: ದಿನಕ್ಕೆ ಎರಡು ಹಸಿವು ಕಟ್ಟುವ ಮಾತ್ರೆ, ಬೀರುವಿಗೆ ಬೀಗ, ಪ್ರತಿ ಗುರುವಾರ ಸಂಜೆ ಇದೇ ಕಾಯಿಲೆಯವರಿಗೆಂದು ನರ್ಸು ನಡೆಸುವ ಹೆಂಗಸರ ಸಭೆ. ಹನ್ನೆರಡು ಗುರುವಾರ. ನರ್ಸು ದೊಡ್ಡ ಪುಸ್ತಕದಲ್ಲಿ ಮೊಮ್ಮಗಳ ಹೆಸರು ಬರೆದುಕೊಂಡಳು. ನನ್ನ ಮಂಡಿಗೆ ಎಣ್ಣೆ ಹಚ್ಚಲು ಹೇಳಿದರು. ನಾನು ಅಲ್ಲಿ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ.

ಬೀಗ ಬಿತ್ತು. ಕೀಲಿ ಸೊಸೆಯ ಕೈಚೀಲದಲ್ಲಿ ಫ್ಯಾಕ್ಟರಿಗೆ ಹೋಗಿ ಬರುತ್ತಿತ್ತು. ಬೀರುವಿನಿಂದ ಏನೂ ಕಾಣೆಯಾಗುವುದು ನಿಂತಿತು. “ಈಗೇನಂತೀಯ?” ಎಂದು ಸೊಸೆ ಮಗಳನ್ನು ಕೇಳಿದಳು. ಎರಡನೆಯ ಭಾನುವಾರ ತೂಕ ಎಂಬತ್ತೆಂಟಕ್ಕೆ ಇಳಿದಿತ್ತು. ಸೊಸೆ ಅಂಕಿಯನ್ನು ಹಾಡಿನ ಹಾಗೆ ಹೇಳಿದಳು. ಮೊಮ್ಮಗಳು ಯಂತ್ರದಿಂದ ಇಳಿದು ಗೋಡೆ ಹಿಡಿದು ನಿಂತಳು.

“ತಲೆ ಸುತ್ತತ್ತೆ. ಕೈ ನೋಡು ಹೆಂಗೆ ನಡುಗ್ತಿದೆ.”

“ಔಷಧಿ ಹಿಡೀತಿದೆ ಅಂತ ಅರ್ಥ.”

ಮಾತ್ರೆ ಶುರುವಾದ ಹತ್ತು ದಿನಕ್ಕೆ ಅವಳು ಅಂಗಡಿಯಲ್ಲಿ ಮೊದಲ ಗಾಜು ಒಡೆದಳು. ಆ ವಾರದಲ್ಲೇ ಇನ್ನೆರಡು. ಹದಿನೇಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಅದೇ ಅಂಗಡಿಯಲ್ಲಿ ಕೆಲಸ ಕಲಿತವಳು. ಅವಳು ಕೂರಿಸಿದ ಗಾಜು ಎಂದರೆ ಯಜಮಾನ ತಿರುಗಿ ನೋಡುತ್ತಿರಲಿಲ್ಲ. ಆ ಯಜಮಾನ ಈಗ ಅವಳನ್ನು ಎದುರು ನಿಲ್ಲಿಸಿಕೊಂಡು ಕೈ ಚಾಚಲು ಹೇಳಿದನಂತೆ. ಬೆರಳುಗಳು ನಡುಗುವುದನ್ನು ನೋಡಿ, “ಕಾಯಿಲೆ ಏನೂ ಇಲ್ಲ ಅಂತ ಚಿಕಿತ್ಸಾಲಯದಿಂದ ಕಾಗದ ತಗೊಂಡು ಬಾ. ತಿಂಗಳ ಕೊನೇವರೆಗೂ ಕಾಯ್ತೀನಿ. ಆಮೇಲೆ ಬೇರೆಯವರನ್ನ ನೋಡ್ಬೇಕಾಗತ್ತೆ,” ಎಂದು ಕಳಿಸಿದನಂತೆ.

“ಅಂಗಡಿ ಹೋದ್ರೆ ಹೋಯ್ತು, ಮೈ ಮೊದ್ಲು ಇಳೀಲಿ,” ಎಂದ ನನ್ನ ಮಗ.

“ಅಣ್ಣನ ಲಾರಿ ಹೋದ್ರೆ ಹಿಂಗೇ ಅಂತೀಯಾ ಅಪ್ಪ?”

“ಅವನ ಮಾತು ಯಾಕೆ ಇಲ್ಲಿ?”

ಯಾಕೆಂದು ನಾನು ಹೇಳಬಹುದಿತ್ತು. ಮೂರನೆಯ ವಾರದವರೆಗೂ ಹೇಳಲಿಲ್ಲ.

ಆ ವಾರ ಒಂದು ಮಧ್ಯಾಹ್ನ ನಲ್ಲಿ ಸುರಿಯುವ ಸದ್ದು ನಿಲ್ಲಲೇ ಇಲ್ಲ. ನೀರು ಖಾಲಿಯಾಗುತ್ತದೆಂದು ನಾನು ಎದ್ದು ಅಡುಗೆಮನೆಗೆ ಹೋದೆ. ಬೀರುವಿಗೆ ಬೀಗ ಇತ್ತು. ಪೈಲ್ವಾನ ನನ್ನ ಕಡೆ ಬೆನ್ನು ಹಾಕಿ ತೊಟ್ಟಿಯ ಮೇಲೆ ಬಗ್ಗಿದ್ದ. ರಾತ್ರಿಗೆಂದು ನಾನು ನಾದಿಟ್ಟಿದ್ದ ಹಿಟ್ಟು ಅವನ ಕೈಯಲ್ಲಿತ್ತು, ಹಸಿ ಹಿಟ್ಟು, ಐದು ಜನರದು. ಕಿತ್ತು ಕಿತ್ತು ಬಾಯಿಗೆ ತುರುಕುತ್ತಿದ್ದ. ಅಗಿಯುತ್ತಿರಲಿಲ್ಲ, ನುಂಗುತ್ತಿದ್ದ. ಕಣ್ಣಿಂದ ನೀರು ಇಳಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿದೆ.

“ಹೊರಗೆ ಹೋಗು ಅಜ್ಜಿ.”

“ಅದು ಹಸಿ ಹಿಟ್ಟು ಕಣೋ.”

“ಗೊತ್ತು.” ಹಿಟ್ಟು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ. “ಹಸಿವಿಲ್ಲ. ಲಾರೀಲೇ ತಿಂದು ಬಂದಿದೀನಿ, ಎರಡು ಪೌಂಡು. ಆದ್ರೂ ನಿಲ್ಲಲ್ಲ. ನಿಲ್ಸೋಕಾಗಲ್ಲ. ಯಾರಿಗೂ ಹೇಳ್ಬೇಡ.”

ನನ್ನ ಗಂಡನೂ ಹೀಗೇ ಬಚ್ಚಲಲ್ಲಿ ಕೂತು ಅತ್ತವನು. ಅವನು ಮರದ ಮಿಲ್ಲಿನಲ್ಲಿದ್ದ. ಜೊತೆಯವರು ಪಂಥ ಕಟ್ಟಿ ಅವನಿಗೆ ತಿನ್ನಿಸುತ್ತಿದ್ದರು: ಇಪ್ಪತ್ತು ಮೊಟ್ಟೆ, ಮೂವತ್ತು ಮೊಟ್ಟೆ. ಚಪ್ಪಾಳೆ ತಟ್ಟುತ್ತಿದ್ದರು. ಪಂಥವಿಲ್ಲದ ದಿನವೂ ಅವನು ನಿಲ್ಲಿಸುತ್ತಿರಲಿಲ್ಲ. “ಯಾಕೋ ಕೈ ನಿಲ್ಲಲ್ಲ ಕಣೇ,” ಎಂದು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ. ನಾನು ನಕ್ಕೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಹಲಗೆ ಎತ್ತುತ್ತ ಹಾಗೇ ಕುಸಿದ. ಮಣ್ಣಿಗೆ ಬಂದವರು “ಗಟ್ಟಿ ಊಟಗಾರ, ತಿಂದುಂಡು ಸುಖವಾಗಿ ಹೋದ” ಎಂದರು. ಅವನ ತಂಗಿಯೂ ಅವನಷ್ಟೇ ದಪ್ಪ. ಅವಳಿಗೆ ಅವರಪ್ಪ ಹೊತ್ತಿಗೆ ಒಂದು ಬಟ್ಟಲು ಗಂಜಿ ಅಳೆದು ಕೊಡುತ್ತಿದ್ದ. ಅವಳು ಇಡೀ ಜನ್ಮ ಹಸಿದುಕೊಂಡೇ ಇದ್ದಳು. ಇದೆಲ್ಲ ನನ್ನ ಕಣ್ಣ ಮುಂದೆ ನಡೆದದ್ದು. ನಲವತ್ತು ವರ್ಷವಾದ ಮೇಲೆ ಅದನ್ನೇ ಮತ್ತೆ ನಡೆಸುತ್ತಿದ್ದ ಮನೆಯಲ್ಲಿ ನಾನು ಬೇಳೆ ಆರಿಸುತ್ತ ಕೂತಿದ್ದೆ. ನನ್ನ ಮೇಲೆ ನನಗೇ ಮೈ ಉರಿಯಿತು.

ಮಾರನೆಯ ದಿನ ಗುರುವಾರ. ಮೊಮ್ಮಗಳು ಸಭೆ ಮುಗಿಸಿ ಬಂದು ಹಿತ್ತಿಲ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತಳು.

“ಅಜ್ಜಿ, ಅಲ್ಲಿ ಒಂಬತ್ತು ಹೆಂಗಸರು ಬರ್ತಾರೆ. ಬ್ಯಾಂಕಿನಾಕೆ, ಒಬ್ಬಳು ಟೀಚರ್ರು, ಒಬ್ಬರು ನಿನ್ನಷ್ಟೇ ವಯಸ್ಸಾದೋರು. ಒಬ್ಬೊಬ್ಬರೂ ಹೇಳ್ತಾರೆ. ಯಾರೂ ಇಲ್ಲದಾಗ ನಿಂತ್ಕೊಂಡು ತಿಂತಾರಂತೆ. ಅಗಿಯಲ್ವಂತೆ. ಕಾಗದ ಬಚ್ಚಿಡ್ತಾರಂತೆ. ಸದ್ದು ಕೇಳ್ಬಾರದು ಅಂತ ನಲ್ಲಿ ಬಿಡ್ತಾರಂತೆ.”

ನಾನು ಬೇಳೆಯ ಮೊರ ಪಕ್ಕಕ್ಕಿಟ್ಟೆ.

“ಇದ್ಯಾವುದನ್ನೂ ನಾನು ಮಾಡಲ್ಲ. ಮೂರು ವಾರದಿಂದ ಅಲ್ಲಿ ಸುಳ್ಳಿ ಥರ ಕೂತಿದೀನಿ. ಅವರು ಅಳ್ತಾರೆ, ನಾನು ಚಾವಣಿ ನೋಡ್ತೀನಿ. ಇವತ್ತು ಆ ನಲ್ಲಿ ಮಾತು ಕೇಳಿದ ತಕ್ಷಣ ನಂಗೆ ನಮ್ಮನೆ ನಲ್ಲಿ ನೆನಪಾಯ್ತು. ಮಧ್ಯಾಹ್ನ ಮನೇಲಿರೋಳು ನೀನು. ಯಾರು ಅಜ್ಜಿ?”

“ನಿಮ್ಮಣ್ಣ.”

“ನಿಂಗೆ ಯಾವಾಗಿಂದ ಗೊತ್ತು?”

“ಮೊದ್ಲಿಂದ.”

ಅವಳು ತನ್ನ ಎರಡೂ ಕೈಗಳನ್ನು ನನ್ನ ಮಡಿಲ ಮೇಲಿಟ್ಟಳು. ಅವು ನಡುಗುತ್ತಿದ್ದವು. “ನೋಡು,” ಎಂದಳು. “ಚೆನ್ನಾಗಿ ನೋಡು.” ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ ನಾನು ಹೇಳಿದೆ. ಜೇಬಿನ ಕಾಗದ, ನಲ್ಲಿ, ಹಸಿ ಹಿಟ್ಟು ಎಲ್ಲ ಹೇಳಿದೆ. ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೇ ನಿಂತಿತು. ನನ್ನ ಮಗ ಮಾತ್ರ ನಕ್ಕ.

“ಅಷ್ಟೇನಾ? ದುಡಿಯೋ ಹುಡುಗ ತಿಂದ. ಇದನ್ನ ಕೊಲೆ ಕೇಸಿನ ಥರ ಹೇಳ್ತೀಯಲ್ಲಮ್ಮ.”

“ಮೂರು ವಾರದಿಂದ ಇವಳಿಗೆ ಕೊಲೆ ಕೇಸೇ ಹಾಕಿದ್ರಲ್ಲ,” ಎಂದೆ. ಈ ಮನೆಯಲ್ಲಿ ನಾನು ದನಿ ಎತ್ತಿ ಮಾತಾಡಿದ್ದು ಅದೇ ಮೊದಲು.

“ಅಪ್ಪ,” ಎಂದ ಪೈಲ್ವಾನ, ತಟ್ಟೆ ನೋಡುತ್ತ. “ಅಜ್ಜಿ ಹೇಳಿದ್ದು ನಿಜ. ಹಸಿವಿಗೆ ಅಲ್ಲ. ನಂಗೆ ನಿಲ್ಸೋಕಾಗಲ್ಲ. ಮೆಟ್ಟಿಲು ಹತ್ತುವಾಗ ಎದೆ ಹಿಡ್ಕೊಳ್ಳತ್ತೆ. ಎರಡು ವರ್ಷ ಆಯ್ತು.”

“ಹೆಂಗಸರ ಕಾಯಿಲೆ ನಿಂಗೆಲ್ಲಿಂದ ಬಂತೋ? ಸಿಲಿಂಡರ್ ಹೊತ್ರೆ ಎದೆ ಹಿಡೀದೇ ಇರತ್ತಾ? ಊಟ ಮಾಡು.”

“ನನ್ನ ಮಾತ್ರೆ ಇವನ ಕಾಯಿಲೇದು,” ಎಂದಳು ಮೊಮ್ಮಗಳು. “ನನ್ನ ಬೀಗ ಇವನದು. ನನ್ನ ಗುರುವಾರ ಇವನದು. ಅಣ್ಣ, ನಾನು ಮಾತ್ರೆ ನುಂಗೋವಾಗ ಎದುರಿಗೇ ಕೂತಿರ್ತಿದ್ದೆ ನೀನು. ಒಂದು ದಿನ ಗಂಟಲಲ್ಲಿ ಏನೂ ಸಿಕ್ಕಾಕ್ಕೊಳ್ಲಿಲ್ವಾ ನಿಂಗೆ?”

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ.

“ನಾನು ಬರೆದ ಹಾಳೆ ತಪ್ಪಿಲ್ಲ,” ಎಂದಳು ಸೊಸೆ, ತನಗೇ ಹೇಳಿಕೊಳ್ಳುವ ಹಾಗೆ. “ಒಂದು ಮೊಟ್ಟೇನೂ ತಪ್ಪಿಲ್ಲ.”

“ಹೆಸರೊಂದು ತಪ್ಪು, ಅಷ್ಟೇ,” ಎಂದಳು ಮಗಳು.

ಮಾತ್ರೆಯನ್ನು ಅವಳು ಅಂದೇ ಬಿಟ್ಟಳು. ಶನಿವಾರ ನಾನು, ಅವಳು, ಪೈಲ್ವಾನ ಮೂವರೂ ಅದೇ ಹಾಳೆಗಳನ್ನು ತೆಗೆದುಕೊಂಡು ಅದೇ ಡಾಕ್ಟರ ಹತ್ತಿರ ಹೋದೆವು. ಪೈಲ್ವಾನ ಕುರ್ಚಿಯಲ್ಲಿ ಹಿಡಿಸದೆ ಅಂಚಿಗೆ ಕೂತ. ಮೊಮ್ಮಗಳು ನಡೆದದ್ದನ್ನು ಹೇಳಿದಳು. ಡಾಕ್ಟರು ಹಾಳೆಯನ್ನು ಮತ್ತೆ ಓದಿದರು. ಈ ಸಲ ಮುಖ ಬಿಗಿಯಲಿಲ್ಲ.

“ಏನು ಕೆಲಸ?”

“ಗ್ಯಾಸ್ ಲಾರಿ ಸರ್.”

“ದಿನಕ್ಕೆಷ್ಟು ಎತ್ತುತ್ತೀರಿ?”

“ಅರವತ್ತು, ಎಪ್ಪತ್ತು.”

“ಮತ್ತಿನ್ನೇನು. ದೊಡ್ಡ ಇಂಜಿನ್ನು, ಡೀಸೆಲ್ ಜಾಸ್ತಿ ಬೇಕು.” ಅವರು ನಕ್ಕರು. ನಾವು ಯಾರೂ ನಗಲಿಲ್ಲ. “ಬ್ರೆಡ್ಡು ಸ್ವಲ್ಪ ಕಮ್ಮಿ ಮಾಡಿ. ಬೆಳಿಗ್ಗೆ ಅರ್ಧ ಗಂಟೆ ಓಡಿ. ಮನಸ್ಸು ಗಟ್ಟಿ ಮಾಡಿದ್ರೆ ಆಗತ್ತೆ.”

“ಸರ್, ನಿಲ್ಸೋಕೆ ಆಗ್ತಿಲ್ಲ. ಅದಕ್ಕೇ ಬಂದಿದೀನಿ.”

“ಗಂಡಸರು ಇಷ್ಟಕ್ಕೆಲ್ಲ ಹೆದರಬಾರ್ದು.”

ಮೊಮ್ಮಗಳು ಎದ್ದು ನಿಂತಳು. “ಹೋದ ತಿಂಗಳು ಇದೇ ಕುರ್ಚಿ, ಇದೇ ಕಾಗದ. ಇದು ಕಾಯಿಲೆ, ಹೃದಯಕ್ಕೆ ಹೋಗತ್ತೆ ಅಂದ್ರಿ. ನನ್ನ ಹೆಸರಿದ್ದಾಗ ಹೃದಯಕ್ಕೆ ಹೋಗೋ ಬ್ರೆಡ್ಡು ಇವನ ಹೆಸರಾದ ತಕ್ಷಣ ಡೀಸೆಲ್ಲಾಯ್ತಾ?”

“ಹೆಣ್ಣುಮಕ್ಕಳ ವಿಷಯ ಬೇರೆ. ಧ್ವನಿ ಇಳಿಸಿ ಮಾತಾಡಿ.”

“ಹೃದಯ ಬೇರೇನಾ?”

“ಹೊರಗೆ ಜನ ಕಾಯ್ತಿದಾರೆ,” ಎಂದರು ಡಾಕ್ಟರು.

ಹೊರಗೆ ನರ್ಸು ನಮ್ಮನ್ನು ಪಕ್ಕಕ್ಕೆ ಕರೆದಳು. ಅವಳು ಕೆಟ್ಟವಳಲ್ಲ. ಗಂಡಸರಿಗೆ ಇಲ್ಲಿ ಸಭೆಯೇ ಇಲ್ಲ ಎಂದಳು. ಹೆಂಗಸರ ಪುಸ್ತಕದಲ್ಲಿ ಗಂಡಸಿನ ಹೆಸರು ಬರೆದರೆ ಡಾಕ್ಟರು ತನ್ನನ್ನು ಹಿಡಿದುಕೊಳ್ಳುತ್ತಾರೆ ಎಂದಳು. “ಒಂದು ಕೆಲಸ ಮಾಡಿ. ಇವಳ ಹೆಸರು ಪುಸ್ತಕದಲ್ಲಿ ಹೆಂಗೂ ಇದೆ. ಹಾಗೇ ಇರ್ಲಿ. ಇವನು ಗುರುವಾರ ಬಂದು ಹಿಂದಿನ ಸಾಲಲ್ಲಿ ಕೂತ್ಕೊಳ್ಲಿ, ತಂಗಿ ಜೊತೆಗೆ ಬಂದೋನು ಅಂತ. ಯಾರೂ ಕೇಳಲ್ಲ.”

“ಹಂಗಾದ್ರೆ ನನ್ನ ಅಂಗಡಿ ಕಾಗದ?”

“ಪುಸ್ತಕದಲ್ಲಿ ಹೆಸರಿದ್ರೆ ಕಾಯಿಲೆ ಇಲ್ಲ ಅಂತ ಹೆಂಗಮ್ಮ ಬರೆದುಕೊಡ್ಲಿ?”

ಮನೆಯಲ್ಲಿ ಇದು ಮಗ ಸೊಸೆ ಇಬ್ಬರಿಗೂ ಒಪ್ಪಿತವಾಯಿತು. ಸೊಸೆ ಬೀರುವಿನ ಬೀಗ ತೆಗೆದು, ಮಗಳಿಗೆಂದೇ ಎರಡು ಮೊಟ್ಟೆ ಬೇಯಿಸಿ ತಟ್ಟೆಯಲ್ಲಿಟ್ಟು ಮಾತು ಶುರು ಮಾಡಿದಳು.

“ಅವಳ ಹೆಸರು ಆಗ್ಲೇ ಬಿದ್ದಿದೆ. ಇವನ ಹೆಸರೂ ಯಾಕೆ ಕೆಡಿಸೋದು? ನಾಳೆ ಲೈಸೆನ್ಸಿಗೆ ತೊಂದ್ರೆ ಆದ್ರೆ?”

“ಹನ್ನೆರಡು ವಾರ ತಾನೇ,” ಎಂದ ನನ್ನ ಮಗ. “ಮನೆ ಮಾನಾನೂ ಉಳಿಯತ್ತೆ.”

“ಕೆಲ್ಸ ಹೋಗತ್ತೆ ಅಪ್ಪ.”

“ಇನ್ನೊಂದು ಅಂಗಡಿ ಸಿಗತ್ತೆ. ಅಣ್ಣ ಬದುಕೋದು ಬೇಡ್ವಾ ನಿಂಗೆ?”

ನೋಡಿ, ಅಲ್ಲಿಯವರೆಗೂ ಅದು ದುಡಿಯುವ ಹುಡುಗನ ಹಸಿವಾಗಿತ್ತು. ತಂಗಿಯ ಹೆಸರಿನಲ್ಲಿ ವಾಸಿಯಾಗಬಹುದು ಎಂದ ಕೂಡಲೇ ಅದು ಅವನ ಪ್ರಾಣದ ಪ್ರಶ್ನೆಯಾಯಿತು. ಮೊಮ್ಮಗಳು ಮೊಟ್ಟೆಯ ತಟ್ಟೆಯನ್ನು ಅಮ್ಮನ ಕಡೆಗೇ ತಳ್ಳಿ ಎದ್ದು ಹೋದಳು. ನಾಲ್ಕು ದಿನ ಅಣ್ಣನ ಜೊತೆ ತುಟಿ ಬಿಚ್ಚಲಿಲ್ಲ. ಬೇಡ ಎಂದೂ ಹೇಳಲಿಲ್ಲ, ಆಗಲಿ ಎಂದೂ ಹೇಳಲಿಲ್ಲ.

ಗುರುವಾರ ಮೂವರೂ ಹೋದೆವು. ಸಭೆಯ ಕೋಣೆ ಚಿಕಿತ್ಸಾಲಯದ ಒಳಗಿನ ಉದ್ದನೆಯ ಓಣಿಯ ಕೊನೆಯಲ್ಲಿತ್ತು. ಬಾಗಿಲ ಪಕ್ಕ ಒಂದು ಸಣ್ಣ ಮೇಜು, ಅದರ ಮೇಲೆ ನರ್ಸಿನ ಪುಸ್ತಕ. ಬಂದವರು ತಮ್ಮ ಹೆಸರಿನ ಮುಂದೆ ಸಹಿ ಹಾಕಿ ಒಳಗೆ ಹೋಗಬೇಕು. ಮೊಮ್ಮಗಳು ಪೆನ್ನು ತೆಗೆದುಕೊಂಡಳು. ಅವಳ ಕೈಯ ನಡುಕ ಆಗಲೇ ಕಮ್ಮಿಯಾಗಿತ್ತು. ಆದರೂ ಪೆನ್ನಿನ ಮೊನೆ ಕಾಗದದ ಮೇಲೆ ನಿಂತೇ ಇತ್ತು, ಕೆಳಗಿಳಿಯಲಿಲ್ಲ.

ಪೈಲ್ವಾನ ಅವಳ ಕೈಯಿಂದ ಪೆನ್ನು ಕಿತ್ತುಕೊಂಡ. ಬಗ್ಗಿ ಅವಳ ಹೆಸರಿನ ಮೇಲೆ ಗೆರೆ ಎಳೆದ, ಕಾಗದ ಹರಿಯುವಷ್ಟು ಒತ್ತಿ. ಕೆಳಗೆ ತನ್ನ ಹೆಸರು ಬರೆದ, ಅಪ್ಪನ ಹೆಸರನ್ನೂ ಸೇರಿಸಿ. ಲಾರಿಯ ನಂಬರ್ ಹಲಗೆಯ ಮೇಲಿನ ಹಾಗೆ ದಪ್ಪ ದಪ್ಪ ಅಕ್ಷರ.

“ಏನ್ ಮಾಡಿದ್ರಿ ಇದು?” ನರ್ಸು ಪುಸ್ತಕ ಎಳೆದುಕೊಂಡಳು. “ಈಗ ನಿಮ್ಮನ್ನ ಒಳಗೆ ಕೂರಿಸೋ ಹಾಗಿಲ್ಲ. ಹೆಸರು ಹಿಂದೆ ತಗೊಂಡ್ರೆ ಸರಿ, ಇಲ್ದಿದ್ರೆ ಹೊರಗೇ.”

“ಹೊರಗೇ ಇರ್ತೀನಿ. ಹೆಸರು ಅಳಿಸ್ಬೇಡಿ. ಮೊದ್ಲು ಇವಳ ಕಾಗದ ಬರ್ದುಕೊಡಿ.”

“ಬರೀರಿ ಅಮ್ಮ,” ಎಂದೆ ನಾನು. “ನಿಮ್ಮ ಪುಸ್ತಕದಲ್ಲಿ ಈಗ ಅವಳ ಹೆಸರಿಲ್ಲ.”

ನರ್ಸು ನಮ್ಮ ಮೂವರನ್ನೂ ನೋಡಿದಳು. ಆಮೇಲೆ ನಿಂತುಕೊಂಡೇ ನಾಲ್ಕು ಸಾಲು ಬರೆದು, ಮೊಹರು ಒತ್ತಿ, ಮೊಮ್ಮಗಳ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಓಣಿಯಲ್ಲಿ ಒಂದು ಬೆಂಚಿತ್ತು. ಪೈಲ್ವಾನ ಅದರ ಮೇಲೆ ಕೂತ, ಬೆಂಚು ಕಿರುಗುಟ್ಟಿತು. ಮಧ್ಯದಲ್ಲಿ ನಾನು. ಮೊಮ್ಮಗಳು ಆ ಕೊನೆಯಲ್ಲಿ, ಕಾಗದವನ್ನು ಎರಡು ಸಲ ಓದಿ ಚೀಲಕ್ಕೆ ಹಾಕಿಕೊಂಡಳು. ಕಾಗದ ಸಿಕ್ಕಿತಲ್ಲ, ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ.

“ಇದಕ್ಕೆ ಎಲ್ಲ ಸರಿ ಹೋಯ್ತು ಅಂತ ತಿಳ್ಕೋಬೇಡ,” ಎಂದಳು ಗೋಡೆಗೆ.

“ತಿಳ್ಕೊಂಡಿಲ್ಲ.”

ಒಳಗೆ ಕುರ್ಚಿಗಳ ಸದ್ದು, ಗುಸುಗುಸು. ಬಾಗಿಲು ತೆರೆಯಿತು. ನನ್ನಷ್ಟು ವಯಸ್ಸಾದ ಹೆಂಗಸೊಬ್ಬಳು ಬಾಗಿಲನ್ನು ಗೋಡೆಯವರೆಗೂ ತಳ್ಳಿ, ಕೆಳಗೆ ತನ್ನ ಚಪ್ಪಲಿಯನ್ನೇ ಅಡ್ಡ ಇಟ್ಟಳು.

“ಬಾಗಿಲು ಮುಚ್ಚಿ ಅಂದಿದ್ನಲ್ಲ,” ಎಂದಿತು ಒಳಗಿನಿಂದ ನರ್ಸಿನ ದನಿ.

“ಸೆಕೆ ಕಣಮ್ಮ. ಒಂಬತ್ತು ಜನ ದಪ್ಪ ಹೆಂಗಸರು ಒಂದೇ ಕೋಣೇಲಿ.” ಒಳಗೆ ಯಾರೋ ನಕ್ಕರು. ಆಕೆ ಕುರ್ಚಿಗೆ ಹಿಂದಿರುಗಿ ಕೂತು, “ಹೊರಗಿರೋ ಹುಡುಗಾ,” ಎಂದು ಓಣಿಗೆ ಕೇಳುವಂತೆ ಕರೆದಳು. “ನಿಂಗೂ ನಿಲ್ಸೋಕಾಗಲ್ವಾ?”

ಪೈಲ್ವಾನ ಬೆಂಚಿನ ಮೇಲೆ ಕೂತಲ್ಲೇ ಆಗಲ್ಲವೆಂಬಂತೆ ತಲೆ ಆಡಿಸಿದ.

ಮೊಮ್ಮಗಳು ಆಗ ಅವನ ಕಡೆ ತಿರುಗಿದಳು. ಕಣ್ಣಲ್ಲಿ ಇನ್ನೂ ಬೆಂಕಿಯೇ ಇತ್ತು.

“ತಲೆ ಆಡಿಸಿದ್ರೆ ಒಳಗಿರೋರಿಗೆ ಕಾಣಲ್ಲ,” ಎಂದಳು. “ಬಾಯಿ ಬಿಟ್ಟು ಹೇಳು.”